ಓಬಮ್ಮನ ಮರದ ವಿಳಾಸ

ನಮ್ಮ ಮನೆಯಲ್ಲಿ ಯಾವುದನ್ನೂ ಒಂದೇ ಸಲ ಕೇಳಿದರೆ ಅದು ಕೇಳಿದ ಹಾಗಲ್ಲ. ಊಟಕ್ಕೆ ಕೂತವರನ್ನು ಇನ್ನೊಂದು ಸೌಟು ಸಾರು ಹಾಕಲೇ ಎಂದರೆ ಬೇಡವೆಂದು ಕೈ ಅಡ್ಡ ಹಿಡಿಯುತ್ತಾರೆ. ಎರಡನೇ ಸಲ ಕೇಳಿದಾಗ ಅದೇ ಕೈ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತದೆ. ಫಲ ಕೊಡುವ ತೆಂಗಿನ ಮರ ಕಡಿಯುವುದಕ್ಕೂ ಇದೇ ಕಟ್ಟಳೆ. ಹಿಂದಿನ ದಿನ ಬುಡಕ್ಕೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ಅದು ಯಾರ ಮರವೋ ಅವರನ್ನು ಒಂದು ಸಲ ಕೇಳಬೇಕು. ಮಾರನೆಯ ಬೆಳಿಗ್ಗೆ ಕೊಡಲಿ ಹಿಡಿದವನು ಬುಡದಲ್ಲಿ ನಿಂತು ಇನ್ನೊಂದು ಸಲ ಕೇಳಬೇಕು. ಎರಡೂ ಸಲ ಹೂಂ ಎಂದರೆ ಮಾತ್ರ ಏಟು. ಬಿಳಿಗೆರೆಯ ಎಲ್ಲ ಮನೆಗಳಲ್ಲೂ ಹೀಗಿದೆಯೆಂದು ಹೇಳಲಾರೆ. ನನ್ನ ಅತ್ತೆ ಹೊಂಬಾಳಮ್ಮನ ಮನೆಯಲ್ಲಿ ಹೀಗೆ.

ನನ್ನ ಮರವನ್ನು ಕಡಿಯುವಾಗ ನನ್ನನ್ನು ಒಂದೇ ಸಲ ಕೇಳಿದರು.

ಆ ಮರ ನನ್ನ ಮಡಿಲಲ್ಲಿ ಬಂದದ್ದು. ದಬ್ಬೇಘಟ್ಟದಿಂದ ನನ್ನನ್ನು ಗಂಡನ ಮನೆಗೆ ಕಳಿಸುವಾಗ ನನ್ನ ತಾಯಿ ಓಬಮ್ಮ ಮಡಿಲಕ್ಕಿಯ ಜೊತೆಗೆ ಇಟ್ಟ ಕಾಯಿ ಮೊಳಕೆ ಬಂದಿತ್ತು. ಗಂಡಿನ ಕಡೆಯ ಹೆಂಗಸರು ಸೆರಗು ಅಡ್ಡ ಹಿಡಿದು ನಕ್ಕರು.

"ಒಳ್ಳೇದೊಂದು ಕಾಯಿ ಸಿಗ್ನಿಲ್ವಾ ಓಬಮ್ಮ? ಇದನ್ನ ಒಡೆಯೋದೆಂಗೆ?"

"ಒಡ್ಯೋಕಲ್ಲ ಕಣವ್ವ, ಊರೋಕೆ" ಎಂದಳು ಅಮ್ಮ.

ರಸ್ತೆಯ ಕಡೆಯ ಸಾಲಿನ ತುದಿಯಲ್ಲಿ ಅದನ್ನು ಊರಿದೆವು. ಆ ಮರ ಬೆಳೆದು, ಗೊನೆ ಬಿಡಲು ತೊಡಗಿದ ಮೇಲೆ ತೋಟದ ಉಳಿದ ಮರಗಳೆಲ್ಲ ಅದರ ಮುಂದೆ ಸಪ್ಪೆಯಾದವು. ನುಸಿ ಬಂದ ವರ್ಷವೂ ಅದರ ಕಾಯಿ ಉದುರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಊರಿನವರು ಅದನ್ನು ಓಬಮ್ಮನ ಮರ ಎಂದೇ ಕರೆದರು. ಅಮ್ಮನ ಹೆಸರಿನಲ್ಲಿ ಹೊಲವಿಲ್ಲ, ಮನೆಯಿಲ್ಲ, ಒಂದು ಕಲ್ಲೂ ಇಲ್ಲ. ಇದ್ದದ್ದು ಈ ಮರ.

ನನ್ನ ಮೈದುನ ಮೋಹನ್ ಕುಮಾರ್ ತೆಂಗಿನ ಸಸಿಗಳ ನರ್ಸರಿ ಶುರುಮಾಡಿದ್ದು ಈ ಮರವನ್ನು ನಂಬಿಕೊಂಡೇ. ಸಸಿ ಕೊಳ್ಳುವವನಿಗೆ ಅದರ ತಾಯಿ ಮರ ಯಾವುದೆಂಬುದೇ ಮುಖ್ಯ, ಯಾಕೆಂದರೆ ತೆಂಗಿನ ಸಸಿಯಲ್ಲಿ ಆದ ಮೋಸ ತಿಳಿಯುವುದು ಆರೇಳು ವರ್ಷದ ಮೇಲೆ, ಹೊಂಬಾಳೆ ಒಡೆಯುವ ಹೊತ್ತಿಗೆ. ಆಗ ಮಾರಿದವನನ್ನು ಹುಡುಕಿಕೊಂಡು ಯಾರು ಬರುತ್ತಾರೆ? ಅದಕ್ಕೇ ನಾನು ಒಂದು ಪ್ರೋಗ್ರಾಮ್ ಬರೆದುಕೊಟ್ಟೆ. ಮದುವೆಯಾದ ಹೊಸದರಲ್ಲಿ ತುಮಕೂರಿನ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿ ಕಲಿತ ಪರ್ಲ್ ಭಾಷೆ ಈಗ ಹಳೆಯದಾಗಿದೆ, ಆದರೆ ನನ್ನ ಕೈಗೆ ಅದೇ ಒಗ್ಗಿದ್ದು. ಪ್ರತಿ ಸಸಿಗೂ ಒಂದು ಚೀಟಿ, ಚೀಟಿಯ ಮೇಲೆ ಒಂದು ಕಪ್ಪು ಬಿಳಿ ಚೌಕ. ಫೋನ್ ಹಿಡಿದರೆ ತಾಯಿ ಮರದ ಪುಟ ತೆರೆಯುತ್ತದೆ: ಮರದ ಫೋಟೊ, ವಯಸ್ಸು, ಇಳುವರಿ, ಕೊನೆಗೆ ಷರಾ ಎಂದು ನಾನು ಆಗಾಗ ಬರೆಯುತ್ತಿದ್ದ ಎರಡು ಮಾತು. ಓಬಮ್ಮನ ಮರದ ಪುಟವನ್ನು ನಾನು ಮೊದಲು ಮಾಡಿದ್ದೆ. ಆ ಸಂಜೆ ಅದನ್ನು ನೋಡುತ್ತಾ ಕೂತು ಅನ್ನವನ್ನು ಸೀಯಿಸಿದ್ದೆ.

ಕಳೆದ ವರ್ಷ ಗರ್ಭಕೋಶದ ಆಪರೇಷನ್ನಿಗೆಂದು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮೋಹನ್ ಫೋನ್ ಮಾಡಿದ.

"ಅತ್ತಿಗೆ, ರೋಡ್ ಕಡೆ ಶೆಡ್ ಹಾಕ್ಬೇಕು, ಒಂದು ಮರ ಅಡ್ಡ ಬರ್ತಿದೆ. ತೆಗೀಬಹುದಾ?"

ಅರಿವಳಿಕೆಯ ಮಂಪರಿನ್ನೂ ಇಳಿದಿರಲಿಲ್ಲ. ಯಾವ ಮರ ಎಂದು ಕೇಳಲೂ ನಾಲಿಗೆ ಹೊರಳಲಿಲ್ಲ. ಹೂಂ ಎಂದಿರಬೇಕು. ಎರಡನೇ ಸಲ ಕೇಳುತ್ತಾರೆ ಎಂಬ ಧೈರ್ಯ ಆ ಮಂಪರಿನಲ್ಲೂ ನನಗಿತ್ತು.

ಮನೆಗೆ ಬಂದಾಗ ಶೆಡ್ ನಿಂತಿತ್ತು. ಪಕ್ಕದಲ್ಲಿ ಓಬಮ್ಮನ ಮರದ ಬೊಡ್ಡೆ, ಅದರ ಮೇಲೆ ನೀಲಿ ನೀರಿನ ಡ್ರಮ್ಮು. ಶೆಡ್ಡಿನ ನೆತ್ತಿಯ ಮೇಲೆ ಹೊಸ ಬೋರ್ಡು: 'ಓಬಮ್ಮ ತಾಯಿ ಮರದ ಸಸಿಗಳು ಇಲ್ಲಿ ದೊರೆಯುತ್ತವೆ.'

"ಹೋಗ್ಲಿ ಬುಡು, ಮರ ತಾನೆ. ಇನ್ನೊಂದು ನೆಟ್ರಾಯ್ತು" ಎಂದರು ನನ್ನ ಗಂಡ ಅರುಣ್ ಕುಮಾರ್. ಅವರು ತುರುವೇಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರು. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ತಮ್ಮನ ವಿಷಯ ಬಂದಾಗಲೆಲ್ಲ ಬುಡು ಎನ್ನುತ್ತಾ ಮೂರು ಜನ್ಮಕ್ಕಾಗುವಷ್ಟು ಬಿಟ್ಟಿದ್ದಾರೆ.

ಅತ್ತೆ ಮಾತ್ರ, "ಎರಡನೇ ಸಲ ಕೇಳಿದ್ರಂತಲ್ಲ, ಹೂಂ ಅಂದ್ಯಂತಲ್ಲ ಅನಿತಾ?" ಎಂದರು. ಇಲ್ಲ ಎಂದೆ. ಅವರು ಮಗನ ಮುಖ ನೋಡಿದರು. ಮಗ ಫೋನ್ ನೋಡುತ್ತಿದ್ದ.

ನಾನು ಕೂಗಾಡಲಿಲ್ಲ. ನಮ್ಮ ಕಡೆ ಅಟ್ಟಕ್ಕೆ ಹಾಕಿದ ಕಾಯಿಯನ್ನು ಯಾರೂ ಅವಸರದಿಂದ ಸುಲಿಯುವುದಿಲ್ಲ. ಒಳಗಿನ ನೀರು ಇಂಗಬೇಕು, ಕೊಬ್ಬರಿ ಕರಟದಿಂದ ತಾನಾಗಿ ಬಿಡಬೇಕು, ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಗುಟ್ಟಬೇಕು. ಅಲ್ಲಿಯವರೆಗೆ ಕೆಳಗೆ ಒಲೆ ಉರಿಯುತ್ತಿರುತ್ತದೆ, ಹೊಗೆ ಮೇಲಕ್ಕೆ ಹೋಗುತ್ತಿರುತ್ತದೆ, ಮನೆಯವರು ಉಂಡು ಮಲಗುತ್ತಿರುತ್ತಾರೆ. ಅವಸರ ಮಾಡಿದರೆ ಮುಗ್ಗುಲು ನಾರುವ ಕೌಟು ಕೊಬ್ಬರಿ. ನಾನೂ ಅಡುಗೆ ಮಾಡಿದೆ, ಮೋಹನನಿಗೂ ಬಡಿಸಿದೆ, ಇನ್ನೊಂದು ಚೂರು ಹಾಕ್ಕೊಳಪ್ಪ ಎಂದು ಎರಡೆರಡು ಸಲ ಕೇಳಿದೆ.

ಮರವಿಲ್ಲದೆ ಸಸಿ ಎಲ್ಲಿಂದ ಬರುತ್ತಿದೆ ಎಂಬುದು ಕೆಲವೇ ದಿನಗಳಲ್ಲಿ ತಿಳಿಯಿತು. ಮಂಡಿಯಿಂದ ಮೂಟೆಗಳಲ್ಲಿ ಯಾವ್ಯಾವುದೋ ಕಾಯಿ ಬಂದು ಇಳಿಯುತ್ತಿತ್ತು. ಅವು ಮೊಳೆಯುತ್ತಿದ್ದವು, ಅಮ್ಮನ ಹೆಸರಿನ ಚೀಟಿ ಕಟ್ಟಿಸಿಕೊಳ್ಳುತ್ತಿದ್ದವು, ಗಾಡಿ ಹತ್ತುತ್ತಿದ್ದವು. ಇನ್ನು ಆರೇಳು ವರ್ಷಕ್ಕೆ ಎಲ್ಲೆಲ್ಲಿಯದೋ ತೋಟಗಳಲ್ಲಿ ನಿಂತ ಜನ ಬರೀ ಗರಿಯನ್ನು ನೋಡುತ್ತಾ ಹೇಳುತ್ತಾರೆ: ಯಾವಳೋ ಓಬಮ್ಮನಂತೆ, ಹಾಳಾದವಳು. ನನ್ನನ್ನು ತಿಂದದ್ದು ಈ ಮಾತು. ಮರ ಹೋಯಿತು, ಅದನ್ನು ನಾನು ಎಂದಾದರೂ ನುಂಗಿಕೊಂಡೇನು. ಹೆಸರು ಹೋಗಲು ಬಿಡುವುದಿಲ್ಲ ಎಂದುಕೊಂಡೆ. ಹೆಸರನ್ನು ಅವನ ಕೈಯಿಂದ ಬಿಡಿಸಿಕೊಳ್ಳಬೇಕು, ಅದನ್ನು ನಾಲ್ಕು ಜನ ನೋಡಬೇಕು, ಬಿಡಿಸುವ ಕೈಯೂ ಅವನದೇ ಆಗಿರಬೇಕು. ಹೇಗೆ ಎಂಬುದು ಗೊತ್ತಿರಲಿಲ್ಲ.

ದಾರಿಯನ್ನು ಅವನೇ ತಂದುಕೊಟ್ಟ.

"ಅತ್ತಿಗೆ, ನೀವು ಇನ್ನು ರೆಸ್ಟ್ ತಗೊಳ್ಳಿ. ಆ ಪ್ರೋಗ್ರಾಮ್ ನಂಗೇ ಹೇಳ್ಕೊಟ್ಬಿಡಿ. ನಾನೇ ನೋಡ್ಕೋತೀನಿ" ಎಂದ. ಬಿಕಾಂ ಓದಿದ್ದಾನೆ, ಚುರುಕು ಬುದ್ಧಿ. ಫೋನಿನಲ್ಲಿ ವಿಡಿಯೊ ನೋಡಿ ಒಂದಷ್ಟು ಕಲಿತೂ ಬಂದಿದ್ದ. ಲ್ಯಾಪ್‌ಟಾಪನ್ನು ಆಗಲೇ ಶೆಡ್ಡಿಗೆ ಒಯ್ದಿದ್ದ. ಪಾಠಕ್ಕೆ ಮಾತ್ರ ನಡುಮನೆಗೆ ತರುತ್ತಿದ್ದ. ನಾನು ಹೇಳಿಕೊಡಲು ಒಪ್ಪಿದೆ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಬಾಯಿಗೆ ಬಂದ ಪಾಠವನ್ನು ಅರ್ಧಕ್ಕೆ ನಿಲ್ಲಿಸುವ ಅಭ್ಯಾಸ ನನಗಿಲ್ಲ.

ಒಂದು ಮಧ್ಯಾಹ್ನ ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ.

"ಇದೇನೋ ಕೆಟ್ಟೋಗಿದೆ ನೋಡಿ. ಓಬಮ್ಮನ ಮರ ತೋರ್ಸು ಅಂದ್ರೆ ಹ್ಯಾಶ್ ಅಂತ ಬರ್ದು ಮುಂದೆ ಲಾರಿ ನಂಬರ್ ಥರ ಏನೋ ತೋರಿಸ್ತಿದೆ."

"ಕೆಟ್ಟಿಲ್ಲ ಕಣಪ್ಪ. ಅದು ವಿಳಾಸ. ನೀನು ಮರ ಕೇಳ್ದೆ, ಅದು ಮರ ಎಲ್ಲಿದೆ ಅಂತ ಹೇಳ್ತು ಅಷ್ಟೆ. ಇದಕ್ಕೆ ರೆಫರೆನ್ಸ್ ಅಂತಾರೆ. ಈಗ ಅದರ ಮುಂದೆ ಒಂದು ಬಾಣದ ಗುರುತು ಹಾಕು, ಬಾಣದ ಮುಂದೆ ನಿಂಗೇನು ಬೇಕೋ ಅದನ್ನ ಬರಿ. ವಯಸ್ಸು ಅಂತ ಬರಿ."

ಬರೆದ. ವಯಸ್ಸು ಬಂತು.

"ವಿಳಾಸ ಹಿಡ್ಕೊಂಡು ಮನೆ ಒಳಗೆ ಹೋದಂಗೆ. ಅದು ಡಿರೆಫರೆನ್ಸ್. ನಮ್ಮ ತೋಟದ ಪಟ್ಟಿಯಲ್ಲಿ ಸಾಲುಗಳಿಲ್ಲ, ಸಾಲುಗಳ ವಿಳಾಸ ಇದೆ. ಸಾಲಿಗೆ ಹೋದ್ರೆ ಮರಗಳ ವಿಳಾಸ. ಮರಕ್ಕೆ ಹೋದ್ರೆ ಆಗ ವಯಸ್ಸು, ಇಳುವರಿ, ಷರಾ."

ಕಾಫಿ ತಂದ ನಯನ ಬಾಗಿಲಲ್ಲೇ ನಿಂತಿದ್ದಳು. ಅವಳು ಮೋಹನನ ಹೆಂಡತಿ, ನನ್ನ ಓರಗಿತ್ತಿ. "ಕಾಯಿ ಸುಲ್ದಂಗಾ ಅಕ್ಕ? ಮಟ್ಟೆ, ಕರಟ, ಆಮೇಲೆ ಕೊಬ್ಬರಿ?" ಎಂದಳು.

"ಲೋಟ ಇಟ್ಟು ಹೋಗಮ್ಮ ತಾಯಿ. ಇದು ಒಗ್ಗರಣೆ ಅಲ್ಲ" ಎಂದ ಮೋಹನ್.

ಅವಳು ಹೋಗಲಿಲ್ಲ. ಲೋಟ ಇಟ್ಟು, ಬಾಗಿಲ ಚೌಕಟ್ಟಿಗೆ ಒರಗಿದಳು. ನಾನು ಅವಳಿಗೂ ಸೇರಿಸಿ ಹೇಳಿದೆ.

"ಹಂಗಲ್ಲ ನಯನ. ಕಾಯಿ ಒಳಗೆ ಕೊಬ್ಬರಿ ನಿಜವಾಗ್ಲೂ ಇರುತ್ತೆ. ಇಲ್ಲಿ ಒಳಗಿರೋದು ದಾರಿ ಮಾತ್ರ. ನಮ್ಮಮ್ಮನ ಮರ ಯಾವುದು ಅಂತ ಯಾರೋ ಕೇಳಿದ್ರು ಅಂತಿಟ್ಕೋ. ನಾನೂ ಬೆರಳು ತೋರಿಸ್ತೀನಿ, ನೀನೂ ತೋರಿಸ್ತೀಯ. ಬೆರಳು ಎರಡು, ಮರ ಒಂದೇ. ಮೋಹನ್, ಇದನ್ನ ಸರಿಯಾಗಿ ಕೇಳಿಸ್ಕೊಳಪ್ಪ, ಎಲ್ಲರೂ ಎಡವೋದು ಇಲ್ಲೇ. ನೀನು ಮರಗಳ ಪಟ್ಟಿನ ಕಾಪಿ ಮಾಡಿದ್ರೆ, ಕಾಪಿ ಆಗೋದು ಬೆರಳು. ಮರ ಅಲ್ಲ. ಒಂದು ಪಟ್ಟಿ ಹಿಡ್ಕೊಂಡು ಹೋಗಿ ಮರಕ್ಕೆ ಸುಣ್ಣ ಬಳಿದ್ರೆ, ಇನ್ನೊಂದು ಪಟ್ಟಿಯಿಂದ ಹೋಗಿ ನೋಡಿದ್ರೂ ಆ ಸುಣ್ಣನೇ ಕಾಣೋದು. ಬೇರೆ ಮರನೇ ಬೇಕು ಅಂದ್ರೆ ಒಳಗಿನ ತಂಕ ಹೋಗಿ ಒಂದೊಂದನ್ನೂ..."

ಅವನ ಫೋನ್ ಬಡಿದುಕೊಂಡಿತು. ಅವನು ನನ್ನ ಕಡೆ ಅಂಗೈ ತೋರಿಸಿ ನಿಲ್ಲಿ ಎಂದ.

"ಹಾ ಸರ್, ನಮಸ್ಕಾರ. ಇದೆ ಸರ್. ಓಬಮ್ಮನ ಮರದ್ದೇ ಸರ್. ಬೇರೆಯವರ ಥರ ನಾವು ಮಂಡಿ ಕಾಯಿ ಇಡಲ್ಲ. ನಮ್ಮ ಅತ್ತಿಗೆಯವರ ತಾಯಿ ಹೆಸರು ಸರ್, ಅದ್ರಲ್ಲಿ ಸುಳ್ಳು ಹೇಳ್ತೀನಾ?"

ಮಾತಾಡುತ್ತಲೇ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಇಬ್ಬರೂ ಸೇರಿ ಒಂದು ತಮಾಷೆ ಮಾಡುತ್ತಿದ್ದೇವೆ ಎಂಬಂತೆ. ಆ ಮಿಟುಕಿನಲ್ಲಿ ನನ್ನ ಕಾಯಿ ಕರಟದಿಂದ ಬಿಟ್ಟಿತು. ಅದು ಲೊಟಗುಟ್ಟಿದ್ದು ನನಗೇ ಕೇಳಿಸಿತು.

ಫೋನ್ ಇಟ್ಟು, "ಹಾ, ಏನಂದ್ರಿ? ಏನೋ ಬೆರಳು ಅಂತಿದ್ರಲ್ಲ" ಎಂದ.

"ಹೇಳಾಯ್ತಲ್ಲಪ್ಪ."

"ಓಕೆ, ಓಕೆ. ಬಾಣ ಹಾಕೋದು ತಾನೆ? ಗೊತ್ತಾಯ್ತು ಬುಡಿ."

ಎರಡನೇ ಸಲ ಹೇಳಲಿಲ್ಲ. ನನಗೆ ಮೈಯೆಲ್ಲ ಹಗುರಾಯಿತು. ಬಾಗಿಲ ಕಡೆ ನೋಡಿದೆ. ನಯನ ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಕೆಲವು ದಿನಗಳ ಮೇಲೆ ಶೆಡ್ಡಿಗೆ ಮೊಸರನ್ನ ಕೊಡಲು ಹೋದಾಗ ಮೋಹನ್ ಉಬ್ಬಿಹೋಗಿದ್ದ.

"ನೋಡಿ ಅತ್ತಿಗೆ, ಒಂದೇ ಸಾಲಲ್ಲಿ ಮುಗಿಸ್ದೆ! ಇದು ಹೊರಗಿನವರಿಗೆ ತೋರ್ಸೋ ತಾಯಿ ಮರಗಳ ಪಟ್ಟಿ. ಇದು ಮನೆ ಪಟ್ಟಿ, ಕಾಪಿ. ಕೌಂಟರಲ್ಲಿ ಕೂರೋ ಹುಡುಗಿಗೆ ಯಾವ ಸಸಿ ಯಾರಿಗೆ ಕೊಡ್ಬೇಕು, ಯಾರಿಗೆ ಕೊಡಬಾರ್ದು ಗೊತ್ತಾಗ್ಬೇಕಲ್ಲ. ಅದನ್ನೆಲ್ಲ ಮನೆ ಪಟ್ಟಿಯಲ್ಲಿ ಷರಾ ಬರೀತೀನಿ."

ಬಗ್ಗಿ ನೋಡಿದೆ. ಎಡಕ್ಕೆ ಒಂದು ಪಟ್ಟಿಯ ಹೆಸರು, ಬಲಕ್ಕೆ ಇನ್ನೊಂದು ಪಟ್ಟಿಯ ಹೆಸರು, ನಡುವೆ ಸಮ ಎನ್ನುವ ಗುರುತು. ಅಷ್ಟೇ. ಬೆರಳುಗಳ ಕಾಪಿ.

"ಸರಿಯಾಗಿ ಬೇರೆ ಆಗಿದೆಯಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ. ಆದರೆ ಅವನ ಉತ್ತರ ಕೇಳುವ ಆಸೆ ತಡೆಯಲಾಗಲಿಲ್ಲ.

"ಟೆಸ್ಟ್ ಮಾಡ್ದೆ ಅತ್ತಿಗೆ, ನಾನೇನು ದಡ್ಡನಾ? ನೋಡಿ." ಮನೆ ಪಟ್ಟಿಯಿಂದ ಒಂದು ಮರವನ್ನು ತೆಗೆದು ಹಾಕಿದ. ಹೊರಗಿನ ಪಟ್ಟಿಯಲ್ಲಿ ಅದು ಹಾಗೇ ಇತ್ತು. "ಇದ್ರಲ್ಲಿ ಹೋದ್ರೂ ಅದ್ರಲ್ಲಿ ಇದೆ. ಅಂದ್ಮೇಲೆ ಬೇರೆ ಬೇರೆ ತಾನೆ?"

ಎರಡು ಬೆರಳಲ್ಲಿ ಒಂದನ್ನು ಮಡಿಸಿದರೆ ಇನ್ನೊಂದು ತೋರಿಸುತ್ತಲೇ ಇರುತ್ತದೆ. ಅದರಿಂದ ಮರ ಎರಡಾಗುವುದಿಲ್ಲ. ಒಳಗೆ ಇಳಿದು ಷರಾ ಮುಟ್ಟಿ ನೋಡಿದ್ದರೆ ಆ ಕ್ಷಣವೇ ತಿಳಿಯುತ್ತಿತ್ತು. ಅವನು ಒಳಗೆ ಇಳಿಯಲಿಲ್ಲ. ಅವನು ಯಾವುದರ ಒಳಗೂ ಇಳಿಯುವವನಲ್ಲ.

"ಮೊಸರನ್ನ ಹುಳಿಯಾಗುತ್ತೆ, ಊಟ ಮಾಡು" ಎಂದು ಹೇಳಿ ಬಂದೆ. ಬರುವಾಗ ಡ್ರಮ್ಮಿನ ಕೆಳಗೆ ಬೊಡ್ಡೆಯ ಅಂಚು ಒದ್ದೆಯಾಗಿ ಕಪ್ಪಾಗಿದ್ದದ್ದು ಕಂಡಿತು.

ದಬ್ಬೇಘಟ್ಟದ ಬೆಳೆಗಾರರು ಸಸಿ ಕೊಳ್ಳಲು ಬರುತ್ತಾರೆಂಬ ಸುದ್ದಿ ಬಂತು. ನಾಲೆಯ ನೀರು ಸಿಗುವ ಕಡೆ ಹೊಸದಾಗಿ ತೋಟ ಹಾಕುವವರು, ನನ್ನ ತವರಿನವರು. ಅವರ ಮುಂದಾಳು ಹುಚ್ಚರಂಗಯ್ಯ ನನ್ನ ತಾಯಿಯನ್ನು ಅಕ್ಕ ಎನ್ನುತ್ತಿದ್ದವರು. ನರ್ಸರಿ ಶುರುವಾದ ವರ್ಷವೇ ಓಬಮ್ಮನ ಮರದ ನಾಲ್ಕು ಸಸಿ ಒಯ್ದು ಹಿತ್ತಲಲ್ಲಿ ನೆಟ್ಟಿದ್ದರು. ಅವು ನಿಜವಾದವು. ಅವನ್ನು ನೋಡಿದ ಮೇಲೆಯೇ ಉಳಿದವರಿಗೂ ಅದೇ ಬೇಕೆನಿಸಿತ್ತು.

ಅವರು ಬರುವ ದಿನ ಬೆಳಿಗ್ಗೆ ಹಾಲು ಕಾಯಲು ಇಟ್ಟು ನನ್ನ ಫೋನಿನಲ್ಲಿ ಓಬಮ್ಮನ ಮರದ ಪುಟ ತೆಗೆದೆ. ಅಮ್ಮನ ಮರ ಫೋಟೊದಲ್ಲಿ ಗೊನೆಗಳ ಸಮೇತ ನಿಂತಿತ್ತು. ಕೆಳಗೆ ಷರಾ. ನಾನು ಬರೆದಿದ್ದ ಎರಡು ಮಾತು ಇರಲಿಲ್ಲ. ಮೋಹನನದಿತ್ತು.

'ಈ ಮರ ಈಗ ಇಲ್ಲ, ಕಡಿದಿದೆ. ಈ ಹೆಸರಲ್ಲಿರೋದೆಲ್ಲ ಮಂಡಿ ಕಾಯಿ. ಅಕ್ಕಪಕ್ಕದ ಊರಿನವರಿಗೆ ಕೊಡಬೇಡ, ಬಂದು ಜಗಳ ತೆಗೀತಾರೆ. ದಬ್ಬೇಘಟ್ಟದವರಿಗೆ ಇದೇ ಸಾಕು.'

ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ನಾನು ಉರಿ ಆರಿಸಿ, ಇನ್ನೊಂದು ಸಲ ಓದಿದೆ. ಈಗಲೂ ಶೆಡ್ಡಿಗೆ ಹೋಗಿ ಹೇಳಬಹುದಿತ್ತು. ಒಂದು ಸಾಲು ತಿದ್ದಿದರೆ ಮುಗಿಯುತ್ತಿತ್ತು, ಅವನ ಮಾನ ಉಳಿಯುತ್ತಿತ್ತು. ಮಂಡಿ ಕಾಯಿಯ ಸಸಿಗಳು ಅಮ್ಮನ ಹೆಸರು ಕಟ್ಟಿಕೊಂಡು ಅಮ್ಮನ ಊರಿಗೇ ಹೋಗುತ್ತಿದ್ದವು. ನಾನು ಒಲೆ ಒರೆಸಿದೆ. ಒಲೆ ಇಷ್ಟು ಚೊಕ್ಕಟವಾಗಿ ಎಂದೂ ಒರೆಸಿರಲಿಲ್ಲ. ಬಾಯಿಯಲ್ಲಿ ಏನೋ ಸಿಹಿ ಇತ್ತು. ಇನ್ನೂ ಏನೂ ತಿಂದಿರಲಿಲ್ಲ.

ನಯನ ಒಬ್ಬಟ್ಟಿಗೆ ಕಾಯಿ ತುರಿಯುತ್ತಿದ್ದಳು. "ಹಾಲು ಉಕ್ತಲ್ಲ ಅಕ್ಕ" ಎಂದಳು.

"ಉಕ್ಲಿ ಬಿಡು. ಒಳ್ಳೇದೇ" ಎಂದೆ.

ಟೆಂಪೊ ತುಂಬ ಬಂದರು. ಮೋಹನ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎಲ್ಲರಿಗೂ ಕೈ ಮುಗಿದ. ನಾನೂ ನಯನಳೂ ತಟ್ಟೆಗಳಲ್ಲಿ ಒಬ್ಬಟ್ಟು ಇಟ್ಟ ಮೇಲೆ ಅಲ್ಲೇ ನಿಂತೆವು. ಅತ್ತೆ ಶೆಡ್ಡಿನ ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದರು.

ಹುಚ್ಚರಂಗಯ್ಯ ಒಬ್ಬಟ್ಟು ಮುಗಿಸಿ, ಪಂಚೆಗೆ ಕೈ ಒರೆಸಿಕೊಂಡು, ಒಂದು ಸಸಿಯ ಚೀಟಿಗೆ ಫೋನ್ ಹಿಡಿದರು. "ಓಬಕ್ಕನ ಮರ ಒಂದು ಕಿತ ನೋಡೇ ಹೋಗಾನ ಕಣ್ರಪ್ಪ" ಎಂದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಮಗ್ಗಿ ಹೇಳುವವರಂತೆ ದೊಡ್ಡ ದನಿಯಲ್ಲಿ ಓದತೊಡಗಿದರು. "ಈ ಮರ... ಈಗ ಇಲ್ಲ... ಕಡಿದಿದೆ..."

ಮೋಹನ್ ನಗುತ್ತಿದ್ದ. ನಗು ಮುಖದ ಮೇಲೆ ಹಾಗೇ ಉಳಿಯಿತು, ತೆಗೆಯಲು ಮರೆತ ಬೋರ್ಡಿನಂತೆ.

ಅವರು ಕೊನೆಯವರೆಗೂ ಓದಿದರು. ದಬ್ಬೇಘಟ್ಟದವರಿಗೆ ಇದೇ ಸಾಕು ಎಂಬುದನ್ನು ಇನ್ನೊಂದು ಸಲ ಓದಿದರು. ಉಳಿದವರೂ ಒಬ್ಬೊಬ್ಬರಾಗಿ ಫೋನ್ ತೆಗೆದು ಬೇರೆ ಬೇರೆ ಸಸಿಗಳಿಗೆ ಹಿಡಿದರು. ಯಾವ ಸಸಿಗೆ ಹಿಡಿದರೂ ಅದೇ ಮರ, ಅದೇ ಷರಾ.

"ಯಜಮಾನ್ರೇ, ಯಾರೋ ಹ್ಯಾಕ್ ಮಾಡವ್ರೆ. ಒಂದ್ನಿಮಿಷ, ಒಂದೇ ನಿಮಿಷ" ಎಂದು ಮೋಹನ್ ಲ್ಯಾಪ್‌ಟಾಪಿಗೆ ಬಿದ್ದ.

"ದಬ್ಬೇಘಟ್ಟದೋರಿಗೆ ಸಾಕು ಅಂತ ಬರೆಯಾಕೆ ಆ ಹ್ಯಾಕ್ರುಗೆ ನಮ್ಮೂರು ಹೆಂಗ್ಲಾ ಗೊತ್ತು? ನಮ್ಮೂರಿನ ಅಳಿಯನಾ?" ಎಂದರು ಹುಚ್ಚರಂಗಯ್ಯ.

ಜನ ನಕ್ಕರು. ಮೋಹನ್ ಷರಾ ಅಳಿಸುವುದು ಬಿಟ್ಟು, ಗಾಬರಿಯಲ್ಲಿ ಓಬಮ್ಮನ ಮರವನ್ನೇ ಮನೆ ಪಟ್ಟಿಯಿಂದ ತೆಗೆದ. ಹೊರಗಿನ ಪಟ್ಟಿಯಿಂದಲೂ ತೆಗೆದ. "ಹೋಯ್ತು, ಹೋಯ್ತು, ಈಗ ನೋಡಿ" ಎಂದ. ಒಬ್ಬರು ಮತ್ತೆ ಚೀಟಿಗೆ ಫೋನ್ ಹಿಡಿದರು. ಅಮ್ಮನ ಮರ ಗೊನೆಗಳ ಸಮೇತ ಬಂದು ನಿಂತಿತು. ಕೆಳಗೆ ಅವನ ಮಾತು.

"ಅತ್ತಿಗೆ, ಎರಡು ಕಡೆಯಿಂದ್ಲೂ ಅಳಿಸ್ದೆ! ಆದ್ರೂ ಬರ್ತಿದೆ!"

"ಸಸಿಗಳು ತೋರಿಸ್ತಾವಲ್ಲಪ್ಪ" ಎಂದೆ. ಪರ್ಲ್‌ನಲ್ಲಿ ಯಾವುದಾದರೂ ಒಂದು ಬೆರಳು ತೋರಿಸುತ್ತಿರುವವರೆಗೂ ತೋರಿಸಿಕೊಂಡದ್ದು ಅಳಿಯುವುದಿಲ್ಲ. ಪಟ್ಟಿಯಿಂದ ಕಿತ್ತರೂ ಸಸಿಯೊಂದೊಂದೂ ತಾಯಿಯನ್ನು ಹಿಡಿದುಕೊಂಡಿತ್ತು. ಇದನ್ನು ಅವನಿಗೆ ಹೇಳಿಕೊಡುವ ಮೊದಲೇ ನಮ್ಮ ಪಾಠ ನಿಂತಿತ್ತು.

ಹುಚ್ಚರಂಗಯ್ಯ ಎದ್ದು ಹೋಗಿ ಡ್ರಮ್ಮನ್ನು ಪಕ್ಕಕ್ಕೆ ಉರುಳಿಸಿದರು. ನೀರು ಚೆಲ್ಲಿ ಮೋಹನನ ಕಾಲಿನವರೆಗೆ ಹರಿಯಿತು. ಬೊಡ್ಡೆಯನ್ನು ಅಂಗೈಯಿಂದ ಒಮ್ಮೆ ಸವರಿದರು. ಟೆಂಪೊ ಹತ್ತುವಾಗ ನನ್ನನ್ನು ಕರೆದು, "ನಮ್ಮ ಹಿತ್ಲಾಗೆ ಇರೋವು ದಿಟವಾಗ್ಲೂ ಓಬಕ್ಕನವೇನವ್ವ?" ಎಂದು ಕೇಳಿದರು.

"ಅವು ಅಮ್ಮನವೇ ಮಾವ. ಮರ ಇದ್ದಾಗಿನವು."

"ಅಂಗಾದ್ರೆ ಸರಿ. ಕಾಯಿ ಬಿಟ್ರೆ ನಿಂಗೊಂದು ಮಡಿಲಿಗೆ ಹಾಕ್ತೀನಿ" ಎಂದರು. ಟೆಂಪೊ ಒಂದು ಸಸಿಯೂ ಇಲ್ಲದೆ ಹೋಯಿತು.

ಮೋಹನ್ ಲ್ಯಾಪ್‌ಟಾಪನ್ನು ತಂದು ನನ್ನ ತೊಡೆಯ ಮೇಲೆ ಇಟ್ಟ. ಅಂಗಿಯ ಬೆನ್ನು ಒದ್ದೆಯಾಗಿತ್ತು.

"ಆಗಿದ್ದು ಆಯ್ತು ಅತ್ತಿಗೆ. ಆ ಷರಾ ತೆಗ್ದು, ಮೊದ್ಲಿದ್ದಂಗೆ ಓಬಮ್ಮನ ಹೆಸರು ನಿಲ್ಲೋ ಹಂಗೆ ಮಾಡ್ಕೊಡಿ. ನಿಮ್ಮ ಕೈಲಿ ಮಾತ್ರ ಆಗೋದು."

"ಹೂಂ" ಎಂದೆ.

ಅವನು ಉಸಿರು ಬಿಟ್ಟು ಕುರ್ಚಿಯಲ್ಲಿ ಕುಸಿದ. ಕಟ್ಟೆಯ ಮೇಲಿಂದ ಅತ್ತೆಯ ಕೋಲು ನೆಲಕ್ಕೆ ಬಡಿಯಿತು.

"ಒಂದು ಸಲ ಕೇಳಿದ್ರೆ ಕೇಳ್ದಂಗಾಯ್ತೇನ್ಲಾ? ಇನ್ನೊಂದು ಸಲ ಕೇಳ್ಲಾ."

ಅವನು ತಾಯಿಯನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಅರ್ಥವಾಗುತ್ತಾ ಬಂದದ್ದನ್ನು ನಾನು ಅವನ ಮುಖದಲ್ಲಿ ನಿಧಾನವಾಗಿ, ಒಂದು ತುತ್ತೂ ಬಿಡದೆ ನೋಡಿದೆ.

"ಮಾಡ್ಕೊಡ್ತೀರಾ ಅತ್ತಿಗೆ?"

"ಉಹೂಂ."

ಅವನ ಎದುರಿಗೇ ಲ್ಯಾಪ್‌ಟಾಪ್ ತೆರೆದು, ಮರ ಕಡಿದ ಮೇಲೆ ಹುಟ್ಟಿದ ಸಸಿಗಳನ್ನೆಲ್ಲ ಒಟ್ಟು ಮಾಡಿದೆ. ಅವುಗಳಿಂದ ಅಮ್ಮನ ವಿಳಾಸ ಕಿತ್ತೆ. ಇನ್ನು ಅವಕ್ಕೆ ಫೋನ್ ಹಿಡಿದರೆ ತಾಯಿಯ ಜಾಗ ಬರಿದು. ಆಮೇಲೆ ಅವನ ಷರಾ ಅಳಿಸಿದೆ. ಹಿಂದಿನ ವರ್ಷಗಳಲ್ಲಿ ಹೋದ ಸಸಿಗಳು, ಹುಚ್ಚರಂಗಯ್ಯನವರ ಹಿತ್ತಲಿನವು, ಎಲ್ಲೆಲ್ಲಿಯೋ ಗರಿ ಬಿಚ್ಚುತ್ತಿರುವವು, ಅವೆಲ್ಲ ಅಮ್ಮನನ್ನು ತೋರಿಸುತ್ತಾ ಉಳಿದವು. ಬೋರ್ಡನ್ನು ಇಳಿಸಲು ಏಣಿ ಬೇಕಾಗಿತ್ತು. ಅದನ್ನು ಸಂಜೆ ಬಸ್ಸಿಳಿದು ಬಂದ ನನ್ನ ಗಂಡನಿಗೆ ಹೇಳಿದೆ. ಅವರು ಬುಡು ಎನ್ನಲು ಬಾಯಿ ತೆರೆದು, ನನ್ನ ಮುಖ ನೋಡಿ, ಏಣಿ ತಂದರು.

ಪಾತ್ರೆ ತೊಳೆಯುವ ಹೊತ್ತಿಗೆ ನಯನ ನನ್ನ ಪಕ್ಕಕ್ಕೆ ಬಂದು ಕೂತಳು.

"ಬೆರಳಿನ ವಿಷಯ ಆವತ್ತು ನಂಗೂ ಅರ್ಥ ಆಗಿತ್ತು ಅಕ್ಕ. ಅವ್ರು ಕಾಪಿ ಮಾಡಿದ್ದು ರಾತ್ರಿ ನಂಗೆ ತೋರ್ಸಿದಾಗ್ಲೂ ಗೊತ್ತಾಯ್ತು. ನಾನೂ ಹೇಳ್ಲಿಲ್ಲ."

ನಾನು ಅವಳ ಕಡೆ ತಿರುಗಿದೆ. ಅವಳು ತಪ್ಪಲೆಯ ತಳವನ್ನು ಉಜ್ಜುತ್ತಲೇ ಇದ್ದಳು.

"ಮರ ಕಡಿಯೋ ದಿನ ಬೆಳಿಗ್ಗೆ ನನ್ನ ಬುಡದಲ್ಲಿ ನಿಲ್ಸಿದ್ರು. ಅತ್ತಿಗೆ ಬದ್ಲು ನೀನೇ ಹೂಂ ಅನ್ನು ಅಂದ್ರು. ಎರಡನೇ ಹೂಂ ನಂದು ಅಕ್ಕ."

ನಲ್ಲಿಯ ನೀರು ಬೋಗುಣಿಯಲ್ಲಿ ತುಂಬಿ ಹರಿಯುತ್ತಿತ್ತು. ಬೆಳಿಗ್ಗೆಯಿಂದ ಬಾಯಿಯಲ್ಲಿದ್ದ ಸಿಹಿ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮುಗಿಯಿತು ಎಂದುಕೊಂಡಿದ್ದ ಸಿಟ್ಟು ಇನ್ನೊಂದು ಕಾಯಿ ಹಿಡಿದು ಅಟ್ಟ ಹತ್ತಿತು.

"ನನ್ನ ಕ್ಷಮಿಸ್ತೀರಾ?" ಎಂದಳು.

ನಾನು ಒಂದು ಸೌಟನ್ನು ತೆಗೆದುಕೊಂಡು ಒರೆಸಿದೆ, ಅದನ್ನು ಮೊಳೆಗೆ ತೂಗುಹಾಕಿದೆ. ಇನ್ನೊಂದು ತೆಗೆದುಕೊಂಡೆ. ಈ ಮನೆಯ ರೂಢಿ ಅವಳಿಗೂ ಗೊತ್ತು. ಕೇಳುತ್ತಾಳೋ ಇಲ್ಲವೋ ನೋಡೋಣ ಎಂದು, ತಲೆಯೆತ್ತದೆ, ಎರಡನೇ ಸಲಕ್ಕೆ ಕಾಯುತ್ತಾ ನಿಂತೆ.